ಷಕ್ಕೆ ಕ ಒತ್ತು, ಲಕ್ಕೆ ಲ ಒತ್ತು

ಲಷ್ಕರ್ ಮೊಹಲ್ಲಾ. ಎಣಿಸಿದರೆ ಆರು ಅಕ್ಷರ. ಮೈಸೂರಿನ ಅಶೋಕ ರಸ್ತೆಯಲ್ಲಿ ನಡೆದು ಹೋಗುವ ದೊಡ್ಡವರ ಕಣ್ಣು ಈ ಹೆಸರಿನ ಮೇಲೆ ಅರೆಗಳಿಗೆಯೂ ನಿಲ್ಲುವುದಿಲ್ಲ. ಒಂದನೇ ತರಗತಿ ಮುಗಿಸಿದ ಮಗುವಿಗೆ ಮಾತ್ರ ಇಲ್ಲಿ ಹೆಜ್ಜೆಹೆಜ್ಜೆಗೂ ತಡೆ. ‘ಲ’ ಸಲೀಸು. ಮುಂದೆ ತಲಕಟ್ಟು ಹೊತ್ತ ‘ಷ’ ಕಾಣುತ್ತದೆ, ಬಾಯಿ ‘ಷ’ ಅಂದುಬಿಡುತ್ತದೆ. ಆಮೇಲೆ ಕೆಳಗೆ ಕೂತ ಕ ಒತ್ತು ಕಣ್ಣಿಗೆ ಬೀಳುತ್ತದೆ. ಆಗ ಹೇಳಿದ್ದನ್ನು ನುಂಗಿಕೊಂಡು, ಷದೊಳಗಿನ ‘ಅ’ವನ್ನು ಕಿತ್ತು ಕಕ್ಕೆ ಕೊಡಬೇಕು. ‘ರ್’ನಲ್ಲಿ ಸ್ವರವೇ ಇಲ್ಲ. ‘ಮೊ’ದಲ್ಲಿ ತಲೆಯ ಮೇಲೊಂದು, ಪಕ್ಕದಲ್ಲೊಂದು ಗುರುತು, ಎರಡೂ ಸೇರಿ ಒಂದೇ ಸ್ವರ. ಕೊನೆಯ ‘ಲ್ಲಾ’ ಇನ್ನೂ ಕಷ್ಟ. ಇಳಿ ಅಂಟಿಕೊಂಡಿರುವುದು ಮೇಲಿನ ಲಕ್ಕೆ, ಆ ದೀರ್ಘ ಸೇರಬೇಕಾದ್ದು ಕೆಳಗಿನ ಒತ್ತಿಗೆ. ಪಕ್ಕದ ಇರ್ವಿನ್ ರಸ್ತೆಗೆ ಹೋದರೆ ಅಲ್ಲಿ ಅರ್ಕಾವೊತ್ತು ಕಾದಿರುತ್ತದೆ: ‘ವಿ’ಗಿಂತ ಮೊದಲು ಕೇಳುವ ‘ರ್’ ಅನ್ನು ‘ವಿ’ ಆದ ಮೇಲೆ ಬರೆದಿರುತ್ತಾರೆ.

ಇಷ್ಟನ್ನೆಲ್ಲ ಮಕ್ಕಳು ಕಲಿಯುತ್ತಾರೆ ಎಂಬುದೇ ಬೆರಗಿನ ಸಂಗತಿ. ಹೇಗೆ ಕಲಿಯುತ್ತಾರೆ, ಎಷ್ಟು ಕಾಲ ಹಿಡಿಯುತ್ತದೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಕುರಿತು ಕನ್ನಡದಲ್ಲಿ ನಡೆದ ಸಂಶೋಧನೆಯ ಗಣನೀಯ ಪಾಲು ಇದೇ ಊರಿನದು. 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು (ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ), 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ, ಜೊತೆಗೆ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ. ಎಲ್ಲವೂ ಮಾನಸಗಂಗೋತ್ರಿಯ ಆಸುಪಾಸಿನಲ್ಲೇ ಇವೆ. ಲಷ್ಕರ್ ಮೊಹಲ್ಲಾದಿಂದ ಆಟೋ ಹತ್ತಿದರೆ ಹೆಚ್ಚು ಹೊತ್ತು ಬೇಡ. ಆದರೆ ಅಲ್ಲಿ ಗೊತ್ತಾದದ್ದು ಇಲ್ಲಿನ ಒಂದನೇ ತರಗತಿಯ ಬೆಂಚಿಗೆ, ಅದಕ್ಕಿಂತ ಮೊದಲು ಇಲ್ಲಿನ ಅಪ್ಪ ಅಮ್ಮಂದಿರ ಕಿವಿಗೆ, ಇನ್ನೂ ಸರಿಯಾಗಿ ಬಂದು ತಲುಪಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಕಾರಣಕ್ಕೆ.

ಮೊದಲು ಕಿವಿಯ ವಿಷಯ. ಇಲ್ಲಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದಾಗಲೂ ಈ ಮೊಹಲ್ಲಾ ಹಲವು ಭಾಷೆಗಳದ್ದಾಗಿತ್ತು. ಈಗಲೂ ಹಾಗೆಯೇ ಇದೆ. ಮನೆಯೊಳಗೆ ದಖನಿ ಉರ್ದು, ಎದುರು ಮನೆಯಲ್ಲಿ ತಮಿಳು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಮಾರವಾಡಿ, ಇವೆಲ್ಲಕ್ಕೂ ನಡುವೆ ಕನ್ನಡ. ಚರ್ಚಿನ ಹಿಂಬದಿಯ ಗಲ್ಲಿಯೊಂದರಲ್ಲಿ ಸಂಜೆ ಕಂಡದ್ದು ಇದು. ಐದು ವರ್ಷದ ಹುಡುಗಿ ಕೈಯಲ್ಲಿ ಹತ್ತು ರೂಪಾಯಿ ಹಿಡಿದು ಅಂಗಡಿಗೆ ಬಂದಳು. “ಅಂಕಲ್, ಕೊತ್ತಂಬರಿ ಕೊಡಿ, ಕರಿಬೇವು ಹಾಗೇ ಹಾಕಿ” ಅಂದಳು. ಹಿಂದಿನಿಂದ ಬಂದ ತಮ್ಮ ಚಾಕೊಲೇಟಿನ ಡಬ್ಬಿಗೆ ಕೈ ಹಾಕಿದ. “ನಕ್ಕೋ ರೇ, ಅಮ್ಮೀ ಮಾರತೀ” ಎಂದು ಅವನ ಕೈ ಎಳೆದಳು. ಪಕ್ಕದ ಮನೆಯ ಅಜ್ಜಿ ಬಾಗಿಲಿಂದ ತಮಿಳಿನಲ್ಲಿ ಏನೋ ಕೇಳಿದರು. ಹುಡುಗಿ ಕನ್ನಡದಲ್ಲೇ “ಊಟ ಆಯ್ತು ಪಾಟಿ” ಎಂದು ಉತ್ತರ ಕೊಟ್ಟಳು. ಕೇಳಿದ್ದು ಅವಳಿಗೆ ಪೂರ್ತಿ ಅರ್ಥವಾಗಿತ್ತು. ಯಾರಿಗೆ ಯಾವ ನುಡಿ, ಯಾರಿಗೆ ‘ಕೊಡಿ’, ಯಾರಿಗೆ ‘ರೇ’ ಎಂಬ ಲೆಕ್ಕ ಒಂದು ಕಡೆಯೂ ತಪ್ಪಲಿಲ್ಲ.

ಇಂಥ ಮಗುವಿನ ಕಿವಿ ತಯಾರಾಗುವುದು ತೊಟ್ಟಿಲಲ್ಲೇ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮಗೆ ತೀರ ಹತ್ತಿರದ್ದು. ಹಿಂದಿಯ ‘ತ’ಕ್ಕೂ ‘ಟ’ಕ್ಕೂ ಇರುವ ವ್ಯತ್ಯಾಸವನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಆ ವ್ಯತ್ಯಾಸವನ್ನು ಗುರುತಿಸಿದವು. ಒಂದು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವುಗಳಿಗೆ ಅದು ಕೇಳಿಸದೇ ಹೋಯಿತು, ಏಕೆಂದರೆ ಅವರ ಮನೆಯ ಮಾತಿಗೆ ಅದು ಬೇಕಿರಲಿಲ್ಲ. ಹುಟ್ಟುವಾಗ ಎಲ್ಲ ಭಾಷೆಗಳಿಗೂ ತೆರೆದಿದ್ದ ಕಿವಿ, ಸುತ್ತಲಿನ ಭಾಷೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಲಷ್ಕರ್ ಮೊಹಲ್ಲಾದ ಕೂಸಿಗೆ ತ-ಟ ಎರಡೂ ಎಲ್ಲ ದಿಕ್ಕಿನಿಂದ ಕೇಳುತ್ತವೆ. ‘ಳ’ ಕನ್ನಡದಿಂದ, ತಮಿಳಿನಿಂದ, ಮಾರವಾಡಿಯಿಂದ ಬರುತ್ತದೆ, ಉರ್ದುವಿನಲ್ಲಿ ಅದಿಲ್ಲ. ‘ಖ’, ‘ಘ’, ‘ಭ’ ಉರ್ದುವಿನಿಂದ ಬರುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡ ಮನೆಯ ಮಗುವಿಗೆ ಮಹಾಪ್ರಾಣ ಒಂದು ಪೀಡೆ. ಮನೆಯಲ್ಲಿ ‘ದನ’ಕ್ಕೂ ‘ಧನ’ಕ್ಕೂ ಬಾಯಲ್ಲಿ ಭೇದವಿಲ್ಲ, ಪುಸ್ತಕದಲ್ಲಿ ಮಾತ್ರ ಹೊಟ್ಟೆ ಸೀಳಬೇಕು. ಈ ಹೊರೆಯನ್ನು ಕನ್ನಡದ ಮಕ್ಕಳ ತಲೆಯಿಂದ ಇಳಿಸಬೇಕೆಂದೇ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣವಿಲ್ಲದ ಹೊಸ ಬರಹದ ಪರ ವಾದಿಸಿದರು, ತಾವೇ ಹಾಗೆ ಬರೆದರು. ಆದರೆ ‘ಘರ್’, ‘ಭಾಯಿ’, ‘ಖಾನಾ’ ಎಂದು ದಿನವೂ ಮಾತಾಡುವ ಮಗುವಿಗೆ ಆ ಅಕ್ಷರಗಳ ಶಬ್ದ ಬಾಯಲ್ಲೇ ಇದೆ. ಕನ್ನಡದ ವರ್ಣಮಾಲೆಯಲ್ಲಿ ಕನ್ನಡ ಮನೆಯ ಮಗುವಿಗೆ ಅಪರಿಚಿತವಾದದ್ದು ಉರ್ದು ಮನೆಯ ಮಗುವಿಗೆ ಪರಿಚಿತ! ‘ಣ’ ಮತ್ತು ‘ಳ’ದ ಹತ್ತಿರ ಬಂದಾಗ ಇಬ್ಬರ ಜಾಗ ಅದಲು ಬದಲಾಗುತ್ತದೆ. ಒಂದೇ ಬೆಂಚಿನ ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಮೇಷ್ಟ್ರಾಗಬಹುದಾದ ಜಾಗವಿದು. ನಾವು ಮಾತ್ರ ಆ ಉರ್ದು ಮನೆಯ ಮಗುವನ್ನು ‘ಕನ್ನಡ ಬಾರದ ಮಗು’ ಎಂದು ಹಿಂದಿನ ಸಾಲಿಗೆ ಕಳಿಸುತ್ತೇವೆ.

‘ಮನೆಯಲ್ಲಿ ಮಾತೇ ಇಲ್ಲದ ಮಕ್ಕಳು’ ಎಂಬ ದೂರನ್ನೂ ಬಡವರ ಬೀದಿಯ ಶಾಲೆಗಳ ಬಗ್ಗೆ ಕೇಳುತ್ತಿರುತ್ತೇವೆ. ಅದರ ಬೇರು ಅಮೆರಿಕದ್ದು. ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೀ 42 ಕುಟುಂಬಗಳನ್ನು ಎರಡೂವರೆ ವರ್ಷ ಗಮನಿಸಿ 1995ರಲ್ಲಿ ಪುಸ್ತಕ ಬರೆದರು. ಉಳ್ಳವರ ಮಗು ನಾಲ್ಕು ವರ್ಷ ತುಂಬುವುದರೊಳಗೆ ಬಡವರ ಮಗುವಿಗಿಂತ ಮೂರು ಕೋಟಿ ಪದ ಹೆಚ್ಚು ಕೇಳಿರುತ್ತದೆ ಎಂಬ ಅಂದಾಜು ಜಗತ್ತಿನಾದ್ಯಂತ ಹಬ್ಬಿತು. 2019ರಲ್ಲಿ ಡಗ್ಲಸ್ ಸ್ಪೆರಿ ಮತ್ತು ಜೊತೆಗಾರರು ಬೇರೆ ಬೇರೆ ಊರುಗಳ ಕುಟುಂಬಗಳಲ್ಲಿ ಎಣಿಸಿ, ಆ ಅಂತರ ಹಾಗೆ ಸಿಗುವುದಿಲ್ಲ ಎಂದರು. ತಾಯಿ ಮಗುವಿಗೇ ಹೇಳಿದ ಮಾತನ್ನಷ್ಟೇ ಅಲ್ಲದೆ, ಉಳಿದವರು ಹೇಳಿದ್ದು, ಸುತ್ತ ನಡೆದ ಮಾತು ಎಲ್ಲವನ್ನೂ ಸೇರಿಸಿದರೆ ಚಿತ್ರವೇ ಬದಲಾಗುತ್ತಿತ್ತು. ವಠಾರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜಿ, ದೊಡ್ಡಮ್ಮ, ಖಾಲಾ, ಎದುರುಮನೆ ಅಕ್ಕ ಎಲ್ಲರ ಮಾತೂ ಮಗುವಿನ ಪಾಲಿಗೆ ಬರುತ್ತದೆ. ಮೈಸೂರಿನಲ್ಲೇ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ತಮ್ಮ ಮನೆಯನ್ನು ನೆನೆಯುತ್ತಿದ್ದದ್ದೂ ಹೀಗೆಯೇ: ಕೆಳಗೆ ಅಮ್ಮನ ತಮಿಳು, ಮಹಡಿಯ ಮೇಲೆ ಅಪ್ಪನ ಇಂಗ್ಲಿಷು, ಹೊರಗೆ ಬೀದಿಯ ಕನ್ನಡ.

ಇನ್ನು ಅಕ್ಷರಕ್ಕೆ ಬರೋಣ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ ಕಲಿತರೆ ಸಾಮಾನು ಪೂರ್ತಿ ಕೈಗೆ ಬಂತು, ಆಮೇಲಿನ ಕಷ್ಟ ಸ್ಪೆಲ್ಲಿಂಗಿನ ಅಡ್ಡಾದಿಡ್ಡಿತನದ್ದು. ಕನ್ನಡದಲ್ಲಿ ತದ್ವಿರುದ್ಧ. ಮಹಾಪ್ರಾಣದಂಥ ಕೆಲವನ್ನು ಬಿಟ್ಟರೆ, ಬರೆದದ್ದನ್ನೇ ಓದುತ್ತೇವೆ, ಓದಿದ್ದನ್ನೇ ಬರೆಯುತ್ತೇವೆ. ಆದರೆ ಕಲಿಯಬೇಕಾದ ರೂಪಗಳು ಬಹಳ. ವರ್ಣಮಾಲೆ 49. ಮೂವತ್ನಾಲ್ಕು ವ್ಯಂಜನಕ್ಕೆ ಕಾಗುಣಿತ ಹಾಕಿದರೆ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ, ಸಜಾತಿ, ವಿಜಾತಿ. ಅದರಲ್ಲೂ ಒಳಗಿನ ತಿರುವುಗಳಿವೆ. ‘ವ’ಕ್ಕೆ ಎಂದಿನಂತೆ ಬಲಬದಿಗೆ ಕೊಂಬು ಕೊಟ್ಟರೆ ಅದು ‘ಮ’ ಆಗಿಬಿಡುತ್ತದೆ. ಅದಕ್ಕೇ ‘ವು’ವಿನಲ್ಲಿ, ‘ಪು’ವಿನಲ್ಲಿ ಕೊಂಬನ್ನು ಕೆಳಗಿನಿಂದ ಎಳೆಯುವುದು. ದೊಡ್ಡವರಾದ ಮೇಲೆ ಇದು ನಮಗೆ ಕಾಣುವುದೇ ಇಲ್ಲ. ‘ಹಾವು’ ಎಂದು ಬರೆಯಲು ಹೋಗಿ ‘ಹಾಮ’ ಎಂದು ಬರೆದ ಮಗುವಿನ ಸ್ಲೇಟು ನೋಡಿದರೆ, ಮಗು ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ ಎಂದು ತಿಳಿಯುತ್ತದೆ.

ಇದಕ್ಕೆಲ್ಲ ಎಷ್ಟು ಕಾಲ ಬೇಕು? ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಮಾಧ್ಯಮದ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವ ಕೆಲಸವಲ್ಲ. ಮೂರು, ನಾಲ್ಕನೇ ತರಗತಿಯವರೆಗೂ ಚಾಚಿಕೊಳ್ಳುತ್ತದೆ. ಯುರೋಪಿನಲ್ಲಿ ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಹದಿಮೂರು ಭಾಷೆಗಳನ್ನು ಹೋಲಿಸಿದಾಗ, ಹೆಚ್ಚಿನ ಭಾಷೆಗಳ ಮಕ್ಕಳು ಮೊದಲ ವರ್ಷದ ಕೊನೆಗೆ ಪದಗಳನ್ನು ತಪ್ಪಿಲ್ಲದೆ ಓದುತ್ತಿದ್ದರು. ಇಂಗ್ಲಿಷ್ ಮಕ್ಕಳಿಗೆ ಎರಡು ವರ್ಷಕ್ಕೂ ಮಿಕ್ಕಿ ಬೇಕಾಗಿತ್ತು. ಯಾವ ಲಿಪಿಗೆ ಎಷ್ಟು ಹೊತ್ತು ಎಂಬುದು ಲಿಪಿಯ ಕಟ್ಟಡದ ಮೇಲೆ ನಿಂತಿದೆ, ಮಗುವಿನ ಬುದ್ಧಿಯ ಮೇಲಲ್ಲ. ಒಂದನೇ ತರಗತಿಯ ಕೊನೆಗೆ ಒತ್ತಕ್ಷರ ಬಾರದ ಮಗುವಿಗೆ ‘ದಡ್ಡ’ ಎಂಬ ಹಣೆಪಟ್ಟಿ ಹಚ್ಚುವವರಿಗೆ ಈ ಒಂದು ಸಂಗತಿ ಗೊತ್ತಿದ್ದರೆ ಸಾಕಿತ್ತು.

ಇನ್ನೊಂದು ಸಂಗತಿ ಇನ್ನೂ ಸೂಕ್ಷ್ಮ. ಮನೆಯಲ್ಲೇ ಮಾಡಿ ನೋಡಬಹುದು. ಎರಡನೇ ತರಗತಿಯ ಮಗುವನ್ನು ಕೂರಿಸಿಕೊಂಡು “ಕಮಲ ಅನ್ನೋದರಲ್ಲಿ ‘ಕ’ ತೆಗೆದುಬಿಟ್ಟರೆ ಏನು ಉಳಿಯುತ್ತೆ?” ಎಂದು ಕೇಳಿ. ‘ಮಲ’ ಎಂದು ಥಟ್ಟನೆ ಹೇಳಿ ಕಿಸಕ್ಕನೆ ನಗುತ್ತದೆ. “‘ಕ್’ ಮಾತ್ರ ತೆಗೆದರೆ?” ಎಂದು ಕೇಳಿ. ಸುಮ್ಮನಾಗುತ್ತದೆ, ಮತ್ತೆ ‘ಮಲ’ ಎನ್ನುತ್ತದೆ. ‘ಅಮಲ’ ಎಂದು ಹೇಳಲು ‘ಕ’ದೊಳಗೆ ‘ಕ್’ ಬೇರೆ, ‘ಅ’ ಬೇರೆ ಎಂದು ಗೊತ್ತಿರಬೇಕು. ಇಂಗ್ಲಿಷಿನಲ್ಲಿ ಓದಲು ಕಲಿಯುವುದಕ್ಕೆ ಈ ಬಿಡಿಧ್ವನಿಯ ಅರಿವು ಬುನಾದಿ ಎಂದು ಪಶ್ಚಿಮದ ಪುಸ್ತಕಗಳೆಲ್ಲ ಹೇಳುತ್ತವೆ. ಕನ್ನಡದ ಮಕ್ಕಳಲ್ಲಿ ಅದು ನಿಧಾನವಾಗಿ ಬರುತ್ತದೆ. ಅದಿಲ್ಲದೆಯೂ ಅವರು ಓದುತ್ತಾರೆ. ವಾಕ್ ಶ್ರವಣ ಸಂಸ್ಥೆಯಲ್ಲಿದ್ದ ಪ್ರತಿಭಾ ಕಾರಂತ, ಮೈಸೂರು ವಿಶ್ವವಿದ್ಯಾನಿಲಯದ ಪ್ರಕಾಶ್ ಪಡಕಣ್ಣಾಯ ಮೊದಲಾದವರು 1990ರ ದಶಕದಿಂದಲೇ ಈ ಮಾತನ್ನು ಜಗತ್ತಿನ ಮುಂದಿಟ್ಟರು. ನಮ್ಮ ಮಕ್ಕಳ ಘಟಕ ಅಕ್ಷರ, ಬಿಡಿಧ್ವನಿಯಲ್ಲ. ಕೆ.ಎಸ್. ಪ್ರೇಮಾ ಅವರ 1997ರ ಡಾಕ್ಟರೇಟ್ ಪ್ರಬಂಧ ಕನ್ನಡದ ಓದು ಹಂತಹಂತವಾಗಿ ಹೇಗೆ ಕೂಡಿಬರುತ್ತದೆ ಎಂಬುದನ್ನೇ ಹುಡುಕಿತು. ಚೀನಾದಲ್ಲೂ ಇಂಥದ್ದೇ ಸಾಕ್ಷ್ಯ ಸಿಕ್ಕಿತ್ತು: ಚಾರ್ಲ್ಸ್ ರೀಡ್ ಮತ್ತು ಸಂಗಡಿಗರ 1986ರ ಅಧ್ಯಯನದಲ್ಲಿ, ಚೀನೀ ಲಿಪಿಯನ್ನಷ್ಟೇ ಕಲಿತ ವಯಸ್ಕರಿಗೆ ಬಿಡಿಧ್ವನಿ ಕೀಳುವುದು ಕಷ್ಟವಾಯಿತು, ರೋಮನ್ ಅಕ್ಷರದ ಪಿನ್ಯಿನ್ ಕೂಡ ಕಲಿತವರಿಗೆ ಸುಲಭವಾಯಿತು. ಆ ಅರಿವು ಹುಟ್ಟಿನಿಂದ ಬಂದದ್ದಲ್ಲ, ಲಿಪಿ ಕೊಟ್ಟದ್ದು.

ಇದರಿಂದ ಏನಾಗಬೇಕು? ಇಂಗ್ಲಿಷಿಗಾಗಿ ಮಾಡಿದ ‘ಫೋನಿಕ್ಸ್’ ಪುಸ್ತಕವನ್ನು ಹಾಗೇ ಕನ್ನಡಕ್ಕೆ ಇಳಿಸುವುದು ನಿಲ್ಲಬೇಕು. ಇಂಗ್ಲಿಷ್ ಮಕ್ಕಳಿಗೆಂದು ತಯಾರಾದ ಪರೀಕ್ಷೆಯಿಂದ ಕನ್ನಡದ ಮಗುವಿಗೆ ಕಲಿಕೆಯ ತೊಡಕು ಇದೆ, ಇಲ್ಲ ಎಂದು ತೀರ್ಪು ಕೊಡುವುದು ನಿಲ್ಲಬೇಕು. ಹಾಗೆಯೇ, ನಿಜವಾಗಿ ಡಿಸ್‌ಲೆಕ್ಸಿಯಾ ಇರುವ ಮಗುವನ್ನು ‘ನಿಧಾನ, ಬರುತ್ತೆ ಬಿಡಿ’ ಎಂದು ಕೈಬಿಡಲೂ ಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ತೊಡಕನ್ನೂ ಒಳಗೊಂಡಿದೆ. ಮೈಸೂರಿನವರಿಗೆ ಕನ್ನಡದಲ್ಲೇ ತಪಾಸಣೆ ಮಾಡುವವರು ತಮ್ಮೂರಲ್ಲೇ ಇದ್ದಾರೆ.

ಓದಿಗಿಂತ ಮೊದಲಿನ ಮಾತಿನ ಬಗ್ಗೆಯೂ ಕನ್ನಡದ ಮಕ್ಕಳು ಜಗತ್ತಿಗೆ ಪಾಠ ಹೇಳಿದ್ದಾರೆ. ಜೆಫ್ರಿ ಲಿಡ್ಜ್, ಹೆನ್ರಿ ಮತ್ತು ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳನ್ನು ಕುರಿತದ್ದು. ಅವರು ಕನ್ನಡವನ್ನೇ ಆರಿಸಿಕೊಂಡದ್ದು ನಮ್ಮ ‘ಇಸು’ ಪ್ರತ್ಯಯಕ್ಕಾಗಿ. ‘ಹಾರು’ ಎಂದರೆ ತಾನೇ ಹಾರುವುದು, ‘ಹಾರಿಸು’ ಎಂದರೆ ಇನ್ನೊಂದನ್ನು ಹಾರುವಂತೆ ಮಾಡುವುದು. ಮಕ್ಕಳ ಕೈಗೆ ಆಟದ ಪ್ರಾಣಿಗಳನ್ನು ಕೊಟ್ಟು, ವಾಕ್ಯ ಹೇಳಿ, ಅದನ್ನು ಆಡಿ ತೋರಿಸಲು ಹೇಳಿದರು. ‘ಇಸು’ ಇದ್ದರೆ ಇನ್ನೊಂದರಿಂದ ಮಾಡಿಸುವುದು ಎಂಬುದಕ್ಕಿಂತ ಗಟ್ಟಿ ಸುಳಿವು ಕನ್ನಡದಲ್ಲಿಲ್ಲ. ದೊಡ್ಡವರು ಅದನ್ನೇ ಹಿಡಿದರು. ಪುಟ್ಟ ಮಕ್ಕಳು ಹಿಡಿದದ್ದು ಬೇರೆಯದನ್ನು: ವಾಕ್ಯದಲ್ಲಿ ಒಂದು ಪ್ರಾಣಿಯ ಹೆಸರಿದೆಯೋ, ಎರಡಿದೆಯೋ. ಎರಡಿದ್ದರೆ, ‘ಇಸು’ ಇಲ್ಲದಿದ್ದರೂ, ಒಂದು ಪ್ರಾಣಿ ಇನ್ನೊಂದರಿಂದ ಕೆಲಸ ಮಾಡಿಸುವಂತೆ ಆಡಿದರು. ಒಂದೇ ಇದ್ದರೆ, ‘ಇಸು’ ಇದ್ದರೂ, ಆ ಪ್ರಾಣಿಯೇ ಮಾಡುವಂತೆ ಆಡಿದರು. ಪ್ರತ್ಯಯಕ್ಕಿಂತ ಮೊದಲು ಮಗುವಿನ ಕಿವಿ ವಾಕ್ಯದ ಚೌಕಟ್ಟನ್ನು ಅಳೆಯುತ್ತದೆ ಎಂದು ಸಂಶೋಧಕರು ಕಂಡುಕೊಂಡರು. ಮಗುವಿನ ಮುಂದೆ ಚಾರ್ಟು ಹಿಡಿದು ‘ಆಪಲ್, ಬಾಲ್, ಕ್ಯಾಟ್’ ಎಂದು ಬಿಡಿ ಪದಗಳನ್ನು ಒಪ್ಪಿಸುವಂತೆ ಮಾಡುವ ಮನೆಗಳಿಗೆ ಇದು ಮುಖ್ಯ. “ಅಜ್ಜಿ ತಮ್ಮನಿಗೆ ಬಾಳೆಹಣ್ಣು ತಿನ್ನಿಸ್ತಾ ಇದಾರೆ ನೋಡು” ಎಂಬ ಒಂದು ವಾಕ್ಯದಲ್ಲಿ ಮಗುವಿಗೆ ಸಿಗುವುದು ಅಂಥ ಹತ್ತು ಚಾರ್ಟಿನಲ್ಲಿ ಸಿಗುವುದಿಲ್ಲ. ಆ ವಾಕ್ಯ ಉರ್ದುವಿನಲ್ಲಿದ್ದರೂ, ತಮಿಳಿನಲ್ಲಿದ್ದರೂ ಅಷ್ಟೇ ಬೆಲೆಯದು.

ಮೈಸೂರು ಜಿಲ್ಲೆ ಇನ್ನೊಂದು ದೊಡ್ಡ ಪ್ರಯೋಗಕ್ಕೂ ತವರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರು ಮಾಡಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಲಿಕಾ ಏಣಿ, ಕಾರ್ಡು, ಮಕ್ಕಳು ಗುಂಪಾಗಿ ಕೂರುವ ‘ತಟ್ಟೆ’, ತಲೆಗೆ ತಾಗುವಷ್ಟು ಎತ್ತರದಲ್ಲಿ ಕಟ್ಟಿದ ಕಲಿಕಾ ಚಪ್ಪರ, ಗೋಡೆಯ ಕೆಳಭಾಗದ ಕಪ್ಪು ಪಟ್ಟಿಯ ಮೇಲೆ ಪ್ರತಿ ಮಗುವಿಗೂ ಬರೆಯಲು ಜಾಗ. ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಕ್ಷರಗಳ ಸಾಲು. ಅ ಆ ಇ ಈ ಅಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ. ಆದರೆ ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ, ದಸರ ಎಲ್ಲ ಬಂದುಬಿಡುತ್ತವೆ. ಶಾಲೆಗೆ ಸೇರಿ ಕೆಲವೇ ವಾರಗಳಲ್ಲಿ ಮೈಸೂರಿನ ಮಗು ‘ದಸರ’ ಎಂದು ತಾನೇ ಓದುತ್ತದೆ! ವರ್ಣಮಾಲೆಯ ಕ್ರಮ ಧ್ವನಿಶಾಸ್ತ್ರದ ದೃಷ್ಟಿಯಿಂದ ಎಷ್ಟೇ ಸುಂದರವಾಗಿದ್ದರೂ, ಅ ಆ ಇ ಈ ಉ ಊ ಋ ಎಂದು ಬಾಯಿಪಾಠ ಮಾಡಿದ ಮಗು ಅದರಿಂದ ಓದಬಲ್ಲ ಪದ ಎಷ್ಟು? ಮುಂದಿನ ಗುಂಪು ಜ, ವ, ಮ, ಬ, ನ. ಅಲ್ಲಿಗೆ ‘ಮರ’, ‘ಜನ’, ‘ಬನ’ ಸಿಗುತ್ತವೆ. ಓದಿದ್ದು ಮೊದಲ ತಿಂಗಳಿನಿಂದಲೇ ಅರ್ಥವನ್ನೂ ಕೊಡಬೇಕು ಎಂಬ ವಿವೇಕ ಇದರ ಹಿಂದಿದೆ.

ನಲಿ-ಕಲಿಯ ಮೇಲೆ ಟೀಕೆಗಳೂ ಇವೆ. ಒಬ್ಬ ಶಿಕ್ಷಕಿ ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಐದು ತಟ್ಟೆ ನೋಡಿಕೊಳ್ಳುವುದು ಸುಲಭವಲ್ಲ. ಕಾರ್ಡು ದಾಟಿಸುವುದೇ ಗುರಿಯಾದರೆ ಕಥೆ, ಹಾಡು, ಮಾತು ಹಿಂದೆ ಬೀಳುತ್ತವೆ. ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಸುಮಾರು ಶೇ 19 ಇದ್ದರು. ಕೊರೊನಾ ಕಾಲದ ಬೀಗ ತೆಗೆದ ಮೇಲೆ, 2022ರಲ್ಲಿ, ಶೇ 9ರ ಆಸುಪಾಸಿಗೆ ಇಳಿದಿತ್ತು ಎಂದು ‘ಅಸರ್’ ಸಮೀಕ್ಷೆ ಹೇಳಿತು. ಆ ಅಂಕಿಯನ್ನು ಓದುವಾಗ ಕಾಗುಣಿತ-ಒತ್ತಕ್ಷರಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ ಎಂಬುದನ್ನು ಮರೆಯಬಾರದು. ಹಾಗೆಂದು ಸಮಾಧಾನ ಪಟ್ಟುಕೊಳ್ಳುವ ಅಂಕಿಯೂ ಅದಲ್ಲ. ಲಿಪಿ ನಿಧಾನ ಕೇಳುತ್ತದೆ ಎಂದರೆ ಆ ವರ್ಷಗಳಲ್ಲಿ ದಿನವೂ ಯಾರೋ ಒಬ್ಬರು ಮಗುವಿನ ಜೊತೆ ಕೂತು ಓದಬೇಕು ಎಂದು ಅರ್ಥ.

ಮತ್ತೆ ಲಷ್ಕರ್ ಮೊಹಲ್ಲಾದ ಮಗುವಿಗೆ ಬರೋಣ. ಶಾಲೆಯಲ್ಲಿ ಇಂಗ್ಲಿಷು, ಕನ್ನಡ. ಉರ್ದು ಶಾಲೆಯಾದರೆ ಉರ್ದು, ಕನ್ನಡ, ಇಂಗ್ಲಿಷು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಕನ್ನಡ ಎಲ್ಲರಿಗೂ ಉಂಟು. ಸಂಜೆ ಅಥವಾ ಬೆಳಗಿನ ಹೊತ್ತು ಮದರಸಾದಲ್ಲಿ ಖಾಯಿದಾ ಎಂಬ ಅಕ್ಷರಪುಸ್ತಕ ಹಿಡಿದು ಅರಬ್ಬಿ ಓದು. ಎರಡು ಲಿಪಿ ಎಡದಿಂದ ಬಲಕ್ಕೆ, ಎರಡು ಬಲದಿಂದ ಎಡಕ್ಕೆ. ಕನ್ನಡದಲ್ಲಿ ಸ್ವರವೆಲ್ಲ ಬರಹದಲ್ಲೇ ಇರುತ್ತದೆ. ಉರ್ದುವಿನಲ್ಲಿ ಹ್ರಸ್ವ ಸ್ವರವನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಓದುವವರೇ ತುಂಬಿಕೊಳ್ಳಬೇಕು. ಹಿಂದಿ, ಉರ್ದು ಎರಡನ್ನೂ ಓದಬಲ್ಲವರ ಮೇಲೆ ಚೈತ್ರಾ ರಾವ್, ಜ್ಯೋತ್ಸ್ನಾ ವೈದ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಪದವನ್ನು ದೇವನಾಗರಿಯಲ್ಲಿ ಬೇಗ, ಉರ್ದು ಲಿಪಿಯಲ್ಲಿ ತಡವಾಗಿ ಓದುತ್ತಿದ್ದರು. ಕನ್ನಡ ಲಿಪಿಯೂ ದೇವನಾಗರಿಯ ಬಳಗದ್ದೇ. ಆದ್ದರಿಂದ ಉರ್ದು ಓದುವ ಮಗುವಿಗೆ ಕನ್ನಡ ಬರಹ ಹೊರೆಯಾಗಲೇಬೇಕೆಂದಿಲ್ಲ. ಸ್ವರ ಎಲ್ಲಿದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸುವ ಬರಹ ಅದಕ್ಕೆ ಒದಗಲೂಬಹುದು.

ಮಾತೃಭಾಷೆಯಲ್ಲೇ ಓದು ಶುರುವಾಗಬೇಕು ಎಂಬುದು ನನ್ನ ನಂಬಿಕೆಯೂ ಹೌದು. ಭಾರತೀಯ ಭಾಷಾ ಸಂಸ್ಥಾನದ ಮೊದಲ ನಿರ್ದೇಶಕ ಡಿ.ಪಿ. ಪಟ್ನಾಯಕ್ ಈ ಊರಿನಲ್ಲೇ ಕೂತು ಹಲವು ನುಡಿಗಳ ನಾಡಿಗೆ ಮಾತೃಭಾಷಾ ಶಿಕ್ಷಣ ಹೇಗಿರಬೇಕೆಂದು ಬರೆದರು. ಆದರೆ ಎದುರು ಸಾಕ್ಷ್ಯವನ್ನೂ ಬಿಡಬಾರದು. ಮೊರಾಕ್ಕೋದಲ್ಲಿ ಡೇನಿಯಲ್ ವ್ಯಾಗ್ನರ್ ಮತ್ತು ಸಂಗಡಿಗರು ಬರ್ಬರ್ ಮಾತಾಡುವ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1989ರಲ್ಲಿ ಬರೆದದ್ದು: ಅರಬ್ಬಿಯಲ್ಲಿ ಓದಲು ಕಲಿತ ಆ ಮಕ್ಕಳು ಮೊದಮೊದಲು ಹಿಂದಿದ್ದರೂ ಐದನೇ ತರಗತಿಯ ಹೊತ್ತಿಗೆ ಅರಬ್ಬಿ ಮನೆಯ ಮಕ್ಕಳ ಸಮಕ್ಕೆ ಬಂದಿದ್ದರು, ಕುರಾನ್ ಶಾಲೆಯ ಆರಂಭದ ಕಲಿಕೆಯೂ ಅವರಿಗೆ ನೆರವಾಗಿತ್ತು. ಅರ್ಥ ಗೊತ್ತಿಲ್ಲದ ಓದೆಂದು ನಾವು ತಳ್ಳಿಹಾಕುವ ಖಾಯಿದಾದಲ್ಲೂ ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಮಗು ಕಲಿಯುತ್ತಿರುತ್ತದೆ. ಶಾಲೆಯ ಶಿಕ್ಷಕಿ “ಅಲ್ಲಿ ಏನು ಓದ್ತೀಯಾ, ತೋರಿಸು” ಎಂದು ಒಮ್ಮೆ ಕೇಳಿದರೆ ಆ ಮಗುವಿಗೆ ಎಷ್ಟು ಎದೆ ತುಂಬಬಹುದು!

ನಮ್ಮ ಕಣ್ಣೆದುರಿನ ಉದಾಹರಣೆ ಬಾನು ಮುಷ್ತಾಕ್. ಮನೆಮಾತು ಉರ್ದು. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತಿತ್ತು. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. 2025ರಲ್ಲಿ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬುಕರ್ ಬಂತು. ಅದೇ ವರ್ಷ ಮೈಸೂರು ದಸರಾ ಉದ್ಘಾಟಿಸಿದರು. ಎಲ್ಲ ಮಕ್ಕಳೂ ಹಾಗೆ ದಿನಗಳಲ್ಲಿ ಕಲಿಯುತ್ತಾರೆಂದಲ್ಲ. ಎಂಟು ವರ್ಷ ಉರ್ದುವಿನಲ್ಲಿ ಬೆಳೆದ ಮಾತು ಅವರ ಕನ್ನಡಕ್ಕೆ ಅಡ್ಡ ನಿಲ್ಲಲಿಲ್ಲ, ಅದನ್ನು ಹೊತ್ತು ನಿಂತಿತು ಎಂಬುದಕ್ಕೆ ಹೇಳಿದೆ.

ಇದರ ನಡುವೆ ಮೊಹಲ್ಲಾದ ತಾಯಂದಿರ ಆತುರ ಬೇರೆ ದಿಕ್ಕಿಗೆ ಎಳೆಯುತ್ತದೆ. ಎರಡೂವರೆ ವರ್ಷಕ್ಕೆ ಪ್ಲೇ ಹೋಮ್, ಮೂರೂವರೆಗೆ ಎಲ್‌ಕೆಜಿ, ನಾಲ್ಕು ಗೆರೆಯ ಪುಸ್ತಕದಲ್ಲಿ ಕಾಪಿ ರೈಟಿಂಗ್. “ಮನೇಲಿ ಇಂಗ್ಲಿಷ್ ಮಾತಾಡಿ ಅಂತಾರೆ ಮೇಡಮ್ಮು, ನಮಗೆ ಬರಲ್ಲ, ಅದಕ್ಕೆ ಸುಮ್ನೆ ಇರ್ತೀವಿ” ಎಂದರು ಒಬ್ಬ ತಾಯಿ. ನಾನು ಈ ವಿಷಯದಲ್ಲಿ ಕೇಳಿದ ಮಾತುಗಳಲ್ಲೆಲ್ಲ ಹೆಚ್ಚು ನೋವಾದದ್ದು ಇದರಿಂದ. ಆ ತಾಯಿಯ ಬಾಯಲ್ಲಿ ಗಾದೆಯಿದೆ, ಕಥೆಯಿದೆ, ಬಿರಿಯಾನಿಗೆ ಏನು ಯಾವಾಗ ಹಾಕಬೇಕೆಂಬ ವಿವರವಿದೆ, ಊರ ನೆಂಟರ ಜಗಳವಿದೆ. ಕಾರಣ, ಆದ್ದರಿಂದ, ಆಮೇಲೆ, ಒಂದುವೇಳೆ ಎಂಬ ಜೋಡಣೆಗಳನ್ನು ಮಗು ಕಲಿಯುವುದೇ ಅಂಥ ಮಾತಿನಿಂದ. ಮುಂದೆ ಪಾಠ ಓದಿ ಅರ್ಥಮಾಡಿಕೊಳ್ಳಲು ಬೇಕಾಗುವುದೂ ಅದೇ. ಅದನ್ನು ಬಾಯಿಮುಚ್ಚಿಸಿ, ತುಂಡು ಇಂಗ್ಲಿಷಿನ ‘ಕಮ್, ಸಿಟ್, ಈಟ್’ಗೆ ಇಳಿಸಿದರೆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಇಂಗ್ಲಿಷ್ ಬೇಡವೆಂದು ಯಾರೂ ಆ ತಾಯಿಗೆ ಹೇಳುವಂತಿಲ್ಲ; ಯಾವ ಮಾಧ್ಯಮ ಎಂಬುದನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿಯೂ ಆಗಿದೆ. ಇಂಗ್ಲಿಷ್ ಕಲಿಸುವುದು ಶಾಲೆಯ ಕೆಲಸ. ಮನೆಯ ಕೆಲಸ ಮಾತಾಡುವುದು, ತಮಗೆ ತುಂಬು ಬರುವ ಭಾಷೆಯಲ್ಲಿ.

ಕನ್ನಡ ಮನೆಗಳವರೂ ಇಲ್ಲಿ ನಿಶ್ಚಿಂತರಾಗುವಂತಿಲ್ಲ. ‘ಬರ್ತೀನಿ’ ಎನ್ನುವ ಮಗುವಿಗೆ ಪುಸ್ತಕದ ‘ಬರುತ್ತೇನೆ’, ‘ಮನೇಲಿ’ ಎನ್ನುವ ಮಗುವಿಗೆ ‘ಮನೆಯಲ್ಲಿ’ ಹೊಸದೇ. ಪುಸ್ತಕದ ಕನ್ನಡ ಯಾರ ಮನೆಯ ಮಾತೂ ಅಲ್ಲ. ಆ ಕನ್ನಡವನ್ನು ಮಗುವಿನ ಕಿವಿಗೆ ಮೊದಲೇ ಪರಿಚಯ ಮಾಡಿಸಲು ಗಟ್ಟಿಯಾಗಿ ಕಥೆ ಓದುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ರಾಜರತ್ನಂ ಅವರ ಶಿಶುಗೀತೆ, ಕುವೆಂಪು ಅವರ ಕಿಂದರಿಜೋಗಿ ಇವು ಇನ್ನೂ ಮಕ್ಕಳ ಬಾಯಲ್ಲಿ ಉಳಿದಿವೆ; ಅವುಗಳ ಪ್ರಾಸ ಬಿಡಿಧ್ವನಿಗೂ ಅಕ್ಷರಕ್ಕೂ ಕಿವಿಯನ್ನು ಸಜ್ಜು ಮಾಡುತ್ತದೆ ಕೂಡ.

ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಕಾಲಂ ಇದೆ. ಲಷ್ಕರ್ ಮೊಹಲ್ಲಾದಲ್ಲಿ ಅದರ ಎದುರು ಉರ್ದು, ಕನ್ನಡ, ತಮಿಳು, ಮಾರವಾಡಿ, ತೆಲುಗು ಎಂದೆಲ್ಲ ಬರೆಯುತ್ತಾರೆ. ಅದು ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ತರಗತಿಗೆ ಬರುವುದಿಲ್ಲ. ಜೂನ್ ಮೊದಲ ವಾರ ಒಂದನೇ ತರಗತಿಯ ಶಿಕ್ಷಕಿಯ ಕೈಗೆ ಆ ಒಂದು ಪಟ್ಟಿಯನ್ನಾದರೂ ಕೊಡಬೇಕು. ಯಾವ ಮಗುವಿಗೆ ‘ಘ’ ಬಾಯಲ್ಲಿದೆ, ಯಾವ ಮಗುವಿಗೆ ‘ಳ’ ಇದೆ, ಯಾರು ಬಲದಿಂದ ಎಡಕ್ಕೆ ಓದಲು ಆಗಲೇ ಕಲಿತಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ಮೊದಲ ತಿಂಗಳು ಸ್ಲೇಟು ಬದಿಗಿಟ್ಟು, ಪ್ರತಿ ಮಗುವೂ ತನ್ನ ಮನೆಯ ಮಾತಿನಲ್ಲಿ ಒಂದು ಕಥೆ ಹೇಳಲಿ, ಉಳಿದವರು ಕೇಳಲಿ. ವಾಕ್ ಶ್ರವಣ ಸಂಸ್ಥೆಯಲ್ಲಿ, ಭಾಷಾ ಸಂಸ್ಥಾನದಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಗಳು ವಾರಕ್ಕೊಂದು ಮಧ್ಯಾಹ್ನ ಆ ತರಗತಿಯಲ್ಲಿ ಕೂತರೆ ಶಿಕ್ಷಕಿಗೆ ಇನ್ನೊಂದು ಜೊತೆ ಕಿವಿ ಸಿಗುತ್ತದೆ. ರ, ಗ, ಸ, ದ, ಅ ಜುಲೈನಲ್ಲಿ ಶುರುವಾದರೂ ‘ದಸರ’ ಓದುವಷ್ಟು ಹೊತ್ತಿಗೆ ದಸರಾ ಇನ್ನೂ ದೂರವೇ ಇರುತ್ತದೆ.